ಮಹಾಶೂರ ಕುಂಬಳನ ಕೊನೆಯ ಕಾಳಗ

ಹಲ್ಲಿನ ಡಾಕ್ಟರ ರಬ್ಬರ್ ಗವಸಿನ ಎರಡೂ ಕೈ ಪೇಷೆಂಟಿನ ಬಾಯೊಳಗಿದ್ದ ಹೊತ್ತಿಗೇ ರಾಕ್ಷಸನಿಗೆ ಎಚ್ಚರವಾಗಬೇಕೇ!

ರಾಕ್ಷಸ ಇದ್ದದ್ದು ಅವರ ಫೋನಿನೊಳಗೆ. ಅದೊಂದು ಆನ್‌ಲೈನ್ ಆಟ. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ಆಟ ಒಂದು ಸಾಲು ಹೇಳಿದರೆ ಆಡುವವರು ಒಂದು ಸಾಲು ಒತ್ತಬೇಕು. ಅದರಲ್ಲಿ ಡಾಕ್ಟರ ಹೆಸರು ಮಹಾಶೂರ ಕುಂಬಳ. ಆಯುಧ ಒದ್ದೆ ಟವೆಲ್, ವಾಹನ ಮುಂಗೋಪಿ ಬಾತುಕೋಳಿ. ಬೆಳಗಾದರೆ ಊರವರ ಬಾಯೊಳಗೆ ಇಣುಕುವ ಮನುಷ್ಯನಿಗೆ ಹಲ್ಲಿನ ಸುದ್ದಿಯಿಲ್ಲದ ಲೋಕ ಅದೊಂದೇ. ಏಳು ತಿಂಗಳು ಒದ್ದಾಡಿ ಕೋಟೆಬಾಗಿಲು ಮುಟ್ಟಿದ್ದರು. ಬಾಗಿಲ ರಾಕ್ಷಸ ಎದ್ದ ಹದಿನೈದು ನಿಮಿಷದೊಳಗೆ ಅವನನ್ನು ಗೆದ್ದರೆ ಸೇನಾಪತಿ. ಸೋತರೆ ಮತ್ತೆ ಮೊದಲಿನಂತೆ ಬಾತುಕೋಳಿ ಮೇಯಿಸುವುದು.

"ಅಳಿಯಂದ್ರೇ, ನಿಮ್ಮ ಫೋನು ಆಕಳಿಸ್ತಾ ಇದೆ!" ಟೋಕನ್ ಮೇಜಿನಿಂದ ಅತ್ತೆ ಫೋನು ಹಿಡಿದು ಒಳಗೆ ಬಂದರು. "'ರಾಕ್ಷಸ ಎದ್ದು ಅಬ್ಬರಿಸಿದ. ಏನು ಮಾಡುವೆ?' ಅಂತಿದೆ. ಯಾರಿದು, ಹೊಸ ಪೇಷೆಂಟಾ?"

"ಕೊಡಿ ಇಲ್ಲಿ!"

"ಆ ಎಂಜಲು ಗವಸಲ್ಲಾ? ನೀವು ಹೇಳಿ, ನಾನು ಒತ್ತುತೀನಿ."

ಕುರ್ಚಿಯಲ್ಲಿ ಅಂಚೆಯವ ಒರಗಿದ್ದ. ಆಗಷ್ಟೇ ಇಂಜೆಕ್ಷನ್ ಬಿದ್ದು ನಾಲಿಗೆ ಹಲಗೆಯಾಗಿತ್ತು; ದವಡೆ ತುಂಬ ಹತ್ತಿ. ಪೂರ್ತಿ ಮರಗಟ್ಟಲು ಹೇಗೂ ಕಾಲು ಗಂಟೆ ಬೇಕು. ಸರಿ, ಎಂದುಕೊಂಡರು ಡಾಕ್ಟರು. ಅಷ್ಟರಲ್ಲಿ ಗಲಾಟೆ ಕೇಳಿ ಕಾಯುತ್ತಿದ್ದ ಲಾರಿ ಡ್ರೈವರನೂ ನಿವೃತ್ತ ಗಣಿತದ ಮೇಡಮ್ಮೂ ಒಳನುಗ್ಗಿದರು.

"ಮೊದ್ಲು ಹಾರ್ನ್ ಹೊಡೀರಿ. ಎಂಥೋನೂ ಸೈಡ್ ಕೊಡ್ತಾನೆ," ಎಂದ ಡ್ರೈವರ.

ಅತ್ತೆ ಒತ್ತಿಯೇಬಿಟ್ಟರು. ಉತ್ತರ ಓದಿದರು: "'ನಿನ್ನ ಬಳಿ ಹಾರ್ನ್ ಇಲ್ಲ. ಬದಲಿಗೆ ಬಾತುಕೋಳಿಯ ಕತ್ತು ಹಿಂಡಿದೆ. ಅದು ನಿನ್ನನ್ನು ಕಚ್ಚಿ ಓಡಿಹೋಯಿತು.'"

"ನನ್ನ ಬಾತುಕೋಳಿ!" ಡಾಕ್ಟರು ಕೂಗಿದರು.

"ಆ… ಆ…" ಎಂದ ಅಂಚೆಯವ, ಹತ್ತೂ ಬೆರಳು ಗಾಳಿಯಲ್ಲಿ ಆಡಿಸುತ್ತ.

"ಬೆರಳು ಜುಮ್ ಅಂತಿದೆಯಾ? ಹೆದರ್ಕೋಬೇಡಿ," ಎಂದು ಡಾಕ್ಟರು ಇನ್ನೊಂದು ಉಂಡೆ ಹತ್ತಿ ತುರುಕಿದರು.

"ಹದಿನೇಳರ ಮಗ್ಗಿ ಕೇಳ್ರೀ," ಎಂದರು ಮೇಡಮ್ಮು. "ಮೂವತ್ತು ವರ್ಷದ ಅನುಭವ ನಂದು. ಅಲ್ಲಿ ಎಲ್ರೂ ಮುಗ್ಗರಿಸ್ತಾರೆ."

"'ರಾಕ್ಷಸ ತಪ್ಪಿಲ್ಲದೆ ಮಗ್ಗಿ ಒಪ್ಪಿಸಿದ. ಬಹುಮಾನವಾಗಿ ನಿನ್ನ ಟವೆಲ್ ಕಿತ್ತುಕೊಂಡ.'"

ಅಂಚೆಯವ ಈಗ ಡಾಕ್ಟರ ಪಕ್ಕೆಗೇ ಬೆರಳು ಚಾಚಿದ. "ತಳ್ಳಬೇಡಿ, ನಿಮ್ಮ ಸರದೀನೇ ಇದು," ಎಂದು ಡಾಕ್ಟರು ಕೊಸರಿಕೊಂಡರು.

ಒಂದೇ ನಿಮಿಷ ಉಳಿದಿತ್ತು. "'ರಾಕ್ಷಸ ನಿನ್ನನ್ನು ಎತ್ತಿ ಬಾಯಿ ಹತ್ತಿರ ತಂದ,'" ಓದಿದ ಅತ್ತೆಯ ಮುಖ ಅರಳಿತು. "ಬಾಯಿ ಅಂದ್ಮೇಲೆ ನಮ್ಮದೇ ವ್ಯವಹಾರ. 'ಹಲ್ಲು ನೋಡು' ಅಂತ ಒತ್ತುತೀನಿ."

"ಬೇಡ ಅತ್ತೆ! ಅಲ್ಲಾದ್ರೂ ಹಲ್ಲು ಬೇಡ!"

"'ಕೆಳದವಡೆಯಲ್ಲಿ ಒಂದು ಹುಳುಕು ಹಲ್ಲು ಕಂಡಿತು.'"

ಹುಟ್ಟುಗುಣ ಸುಟ್ಟರೂ ಹೋಗದು. "ಎಡಕ್ಕೋ, ಬಲಕ್ಕೋ?" ಎಂದು ಡಾಕ್ಟರ ಬಾಯಿಂದ ಜಾರಿಯೇಹೋಯಿತು.

"ಕಿತ್ತೇಬಿಡೋಣ!" ಅತ್ತೆ ಒತ್ತಿದರು.

"'ಇನ್ನೂರು ವರ್ಷದ ನೋವು ಹೋಗಿ ರಾಕ್ಷಸ ಕುಣಿದಾಡಿದ. ನೀನು ಗೆದ್ದೆ!'" ಡ್ರೈವರ ಶಿಳ್ಳೆ ಹಾಕಿದ. ಡಾಕ್ಟರ ಕಣ್ಣಲ್ಲಿ ನೀರಾಡಿತು. ಅತ್ತೆ ಮುಂದೆ ಓದಿದರು: "'ಸೇನಾಪತಿಯ ಕೆಲಸ ಯಾರು ಬೇಕಾದರೂ ಮಾಡಿಯಾರು. ಇಂದಿನಿಂದ ನೀನು ರಾಕ್ಷಸಕುಲದ ಆಸ್ಥಾನ ದಂತವೈದ್ಯ. ಈ ಹುದ್ದೆಗೆ ರಾಜೀನಾಮೆ ಇಲ್ಲ.'"

ಡಾಕ್ಟರು ಅಂಚೆಯವನ ಹಲ್ಲು ಕಿತ್ತು, ಹತ್ತಿ ಹೊರತೆಗೆದರು. ಉಳಿದವರೆಲ್ಲ ಹೊರಗೆ ಹೋದರು.

"ಕಚಗುಳಿ, ಡಾಕ್ಟ್ರೇ!" ಅಂಚೆಯವ ತೊದಲಿದ.

"ಎಲ್ಲಿ?"

"ಆ ರಾಕ್ಷಸಂಗೆ! ಕಚಗುಳಿ ಇಟ್ರೆ ಬಿದ್ದು ನಕ್ಕು ಬಾಗ್ಲು ಬಿಡ್ತಾನೆ. ಹೋದ ವರ್ಷಾನೇ ನಾನು ಸೇನಾಪತಿ ಆದೆ. ಅದನ್ನ ಹೇಳೋಣ ಅಂತ ಬೆರಳಾಡಿಸಿದ್ರೆ ಹತ್ತಿ ತುರುಕ್ತೀರಲ್ರೀ!"

ಡಾಕ್ಟರು ಗವಸು ಕಿತ್ತು ಕಸದ ಡಬ್ಬಿಗೆ ಎಸೆದರು.

"ಮುಂದಿನವ್ರು!" ಹೊರಗೆ ಅತ್ತೆ ಕೂಗಿದರು. ಯಾರೂ ಬರಲಿಲ್ಲ. ಡಾಕ್ಟರು ಇಣುಕಿದರು. ಎದ್ದು ನಿಂತಿದ್ದ ಡ್ರೈವರನಿಗೆ ಕೂರುವಂತೆ ಕೈಮಾಡಿ ಅತ್ತೆ ಫೋನಿನ ಮೇಲೆ ಬಗ್ಗಿದ್ದರು.

"ನಿನ್ನನ್ನಲ್ಲಪ್ಪಾ. ಇಲ್ಲಿ ನಾನ್ನೂರ ಹನ್ನೆರಡು ರಾಕ್ಷಸರು ಸಾಲಾಗಿ ನಿಂತಿದಾರೆ, ಮೊದ್ಲು ಅವ್ರಿಗೆ ಟೋಕನ್ ಕೊಟ್ಬಿಡ್ತೀನಿ."