ಮೇಷ್ಟ್ರ ಕಾರಿಗೆ ನಾನು ಹೊಲಿದ ಕವರು

ಕಬ್ಬಿಣ ಇದ್ದಲ್ಲಿ ದೆವ್ವ ಸುಳಿಯುವುದಿಲ್ಲ. ನಾನು ಕಲಿತಿರುವುದು ಇದೊಂದೇ ವಿದ್ಯೆ. ರುಜು ಹಾಕುವುದನ್ನೂ ಸೇರಿಸಿದರೆ ಎರಡು.

ನನ್ನ ಸೊಸೆ ರತ್ನ ಸಾತನೂರಿನಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡನ್ನು ತಾನೇ ಒಯ್ಯಬೇಕೆಂದು ಹಳೇ ಕಾರು ಕೊಂಡಳು. ಕೋಡಿಹಳ್ಳಿಯ ಮೇಷ್ಟ್ರೊಬ್ಬರದು. ಅವರು ತೀರಿಕೊಂಡ ಮೇಲೆ ಹೆಂಡತಿ ಜಯಮ್ಮ ಮಾರಿದ್ದಳು. ಸತ್ತವರ ಕಾರು! ನಾನು ಸುಮ್ಮನಿರುತ್ತೇನೆಯೇ? ಹಳೇ ಸೀರೆಗೆ ಹತ್ತಿ ತುಂಬಿ ಸ್ಟೇರಿಂಗಿಗೆ ದಪ್ಪನೆಯ ಕವರು ಹೊಲಿದೆ. ಅದರ ಎಡಮಗ್ಗುಲಿಗೆ, ನನ್ನ ಗಂಡ ಜಟಕಾ ಹೊಡೆಯುತ್ತಿದ್ದ ಕಾಲದ ಒಂದು ಕುದುರೆ ಲಾಳ ಸೇರಿಸಿದೆ. ಯಾರಿಗೂ ಹೇಳಲಿಲ್ಲ. ರತ್ನ ಡಿಗ್ರಿ ಓದಿದವಳು, ಕಂಡರೆ ಎಸೆಯುತ್ತಾಳೆ.

ಮೂರನೇ ದಿನ ಅವಳು ಬಂದು, "ಅತ್ತೆ, ಕಾರು ಯಾಕೋ ಎಡಕ್ಕೇ ಎಳೀತೈತೆ" ಅಂದಳು.

ಒಂದು ಲಾಳಕ್ಕೆ ಮೇಷ್ಟ್ರು ಬಗ್ಗುತ್ತಿಲ್ಲ. ಅದೇ ಹೊಲಿಗೆ ಬಿಚ್ಚಿ, ಇನ್ನೆರಡು ಲಾಳ, ಒಂದು ದೊಡ್ಡ ಬೀಗ ತುರುಕಿದೆ.

ಮರುದಿನ ಬೆಳಿಗ್ಗೆ ರತ್ನ ಕಾರು ಸ್ಟಾರ್ಟ್ ಮಾಡಿಟ್ಟು, ಗೂಡಿನ ಚೀಲ ತರಲು ಒಳಗೆ ಹೋದಳು. ಜೊತೆಗೆ ಹೊರಟಿದ್ದ ನಾನೊಬ್ಬಳೇ ಕಾರಿನಲ್ಲಿ. ಕೊಟ್ಟಿಗೆಯ ಹಸು ಮೆಲುಕು ನಿಲ್ಲಿಸಿ ಇತ್ತಲೇ ನೋಡುತ್ತಿತ್ತು. ಆಗ ಸ್ಟೇರಿಂಗ್ ತಿರುಗಿತು. ಮೆಲ್ಲಗೆ, ಎಡಕ್ಕೆ, ಸಣ್ಣಗೆ ಗುಂಯ್ ಎನ್ನುತ್ತ, ಕಾಣದ ಎರಡು ಕೈ ಹಿಡಿದು ತಿರುಗಿಸಿದ ಹಾಗೆ. ಟೈರಿನಡಿ ಜಲ್ಲಿ ಕರಕರ ಎಂದಿತು. ಬಾಗಿಲು ತೆಗೆಯುವುದು ಹೇಗೆಂದೇ ನನಗೆ ಮರೆತುಹೋಯಿತು.

ರತ್ನ ಬಂದು ಅದನ್ನು ನೆಟ್ಟಗೆ ಮಾಡಿ ಕೈಬಿಟ್ಟಳು. ಮತ್ತೆ ತಿರುಗಿತು.

"ನಾ ಇದ್ರಲ್ಲಿ ಹೋಗಾಕಿಲ್ಲ ಅತ್ತೆ. ವಾಪಸ್ ಕೊಟ್ಬುಡ್ತೀನಿ" ಅಂದಳು. ಎರಡು ವರ್ಷ ಆಸೆಪಟ್ಟು ತಂದ ಕಾರು. ಆವತ್ತು ಗೂಡು ಬಸ್ಸಿನಲ್ಲಿ ಹೋಯಿತು.

ನಾನು ಸೀದಾ ಕೋಡಿಹಳ್ಳಿಗೆ ಹೋದೆ. "ನೋಡು ಜಯಮ್ಮ, ನಿನ್ ಗಂಡ ಇನ್ನೂ ಕಾರಲ್ಲೇ ಅವ್ರೆ. ಮನೇಗ್ ಕರ್ಕೊ."

ಅವಳು ಹೊಸ್ತಿಲ ಕಡೆ ನೋಡಿದಳು. "ಸಂಜೆ ಕಾಫಿಗೆ ಎಲ್ಲಿದ್ರೂ ಬತ್ತಿದ್ರು. ಒಂದ್ ಲೋಟ ಬಾಗಿಲ ತಾವ ಮಡಗ್ತೀನಿ."

ವಾಪಸ್ ಕೊಡುವ ಮೊದಲು ಒಮ್ಮೆ ತೋರಿಸೋಣ ಎಂದು ರತ್ನ ಮೆಕ್ಯಾನಿಕ್ ನಯಾಜ್‌ನನ್ನು ಕರೆಸಿದಳು. ಅವನು ಸ್ಟೇರಿಂಗನ್ನು ಬೆರಳಿನಿಂದ ಒತ್ತಿ ತೋರಿಸಿದ.

"ಇದ್ರ ಕಂಬಿ ಒಳಗೆ ಒಂದು ಸೆನ್ಸಾರ್ ಐತೆ ಅಜ್ಜಿ. ಕೈ ಯಾವ ಕಡೆ ಒತ್ತುತ್ತೋ ನೋಡ್ಕೊಂಡು ಮೋಟ್ರುಗೆ ಹೇಳ್ತದೆ. ಮೋಟ್ರು ಆ ಕಡೆಗೇ ತಳ್ತದೆ. ಒತ್ತಿದ್ದು ಯಾರು ಅಂತ ಅದು ಕೇಳಾಕಿಲ್ಲ."

"ಹಂಗಾರೆ ಯಾರೋ ಒತ್ತುತಾವ್ರೆ ಅಂತಾಯ್ತಲ್ಲ" ಅಂದೆ, ಗೆದ್ದವಳ ಹಾಗೆ.

ಅವನು ಕವರು ಬಿಚ್ಚಿದ. ಮೂರು ಲಾಳ, ಒಂದು ಬೀಗ ಠಣ್ಣನೆ ಬಿದ್ದವು. ಸ್ಟೇರಿಂಗ್ ಆಮೇಲೆ ಅಲುಗಲಿಲ್ಲ.

"ಒತ್ತಿದ್ದು ಈ ಭಾರ ಅಜ್ಜಿ" ಅಂದ ನಯಾಜ್, ಬೀಗ ನನ್ನ ಕೈಗಿಡುತ್ತ.

ರತ್ನ ಬೈಯಲಿಲ್ಲ. "ಜಯಮ್ಮಾರ್ಗೆ ನೀವೇ ಹೇಳಿ. ಕಾರು ಹತ್ತಿ, ಬುಟ್ಟು ಬತ್ತೀನಿ" ಅಂದಳು. ಕಾರು ದಾರಿಯುದ್ದಕ್ಕೂ ನೆಟ್ಟಗೆ ಓಡಿತು.

ಕೋಡಿಹಳ್ಳಿ ಮುಟ್ಟಿದಾಗ ಸಂಜೆ. ಹೊಸ್ತಿಲ ಪಕ್ಕ ಮುಚ್ಚಿಟ್ಟ ಲೋಟ. ನಾನು ಎಲ್ಲ ಹೇಳಿದೆ. ಜಯಮ್ಮ ಪೂರ್ತಿ ಕೇಳಿಸಿಕೊಂಡು ಲೋಟ ಎತ್ತಿಕೊಟ್ಟಳು.

"ದೆವ್ವ ನೀನೇ ಅಂದ್ಮೇಲೆ ತಕೊ, ಆರೋಯ್ತದೆ."

ತೆಪ್ಪಗೆ ಕುಡಿದೆ. ಸಕ್ಕರೆಯೇ ಇರಲಿಲ್ಲ. ಮೇಷ್ಟ್ರಿಗೆ ಶುಗರ್ ಇತ್ತಂತೆ.