ನಾರಾಯಣಪೇಟೆಯ ನಳಗಳು

ಪರಿಚಯದವರ ಅಂಗಡಿಯಲ್ಲಿ ಸಾಮಾನು ಕೊಳ್ಳುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಗುರುತಿಲ್ಲದವರ ಅಂಗಡಿಯಲ್ಲಿ ಎಂಥ ಸುಖವಿದೆ ನೋಡಿ. ಬೆಲೆ ಕೇಳಬಹುದು, ಕೇಳಿ ಹುಬ್ಬೇರಿಸಬಹುದು, ಮಾಲನ್ನು ಬೆರಳಿನಿಂದ ಕುಟ್ಟಿ ಮೂಗು ಮುರಿಯಬಹುದು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಂತೆ ನಟಿಸಬಹುದು. ಅಂಗಡಿಯವನು ಹಿಂದಿನಿಂದ ಕೂಗಿ ಕರೆಯುವ ಆ ಒಂದು ಗಳಿಗೆಗಾಗಿಯೇ ನಾನು ಎಷ್ಟೋ ಸಲ ಬೇಡದ ವಸ್ತುಗಳನ್ನೂ ಕೊಂಡಿದ್ದೇನೆ. ಪರಿಚಯದವರ ಅಂಗಡಿಯಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಅಲ್ಲಿ ಮೊದಲು ಚಹಾ ಬರುತ್ತದೆ. ಚಹಾ ಕುಡಿದ ಬಾಯಿಂದ ತಕರಾರು ಹೊರಡುವುದಿಲ್ಲ.

ನನಗೆ ಈ ಜ್ಞಾನೋದಯ ಮಾಡಿಸಿದವನು ಮೌಲಾಲಿ. ಶಹಾಪುರದಲ್ಲಿ ನಮ್ಮ ಓಣಿಯ ತಿರುವಿನಲ್ಲೇ ಅವನ ಅಂಗಡಿ. ಪೈಪು, ನಳ, ಬಕೆಟ್ಟು, ಮೊಳೆ, ಬಣ್ಣ, ಹೀಗೆ ಮನೆ ಕಟ್ಟುವವನಿಗೆ ಬೇಕಾದದ್ದೆಲ್ಲ ಅಲ್ಲಿದೆ. ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಓದಿದವರು. ಆದರೆ ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ತರನಾದ ದಿನದಿಂದ ಅವನು ನನಗೆ 'ರಿ' ಹಚ್ಚಿ ಮಾತಾಡಲು ಶುರು ಮಾಡಿದ. ನಾನು ಮಾತ್ರ ಅವನಿಗೆ 'ನೀನು' ಎನ್ನುವುದನ್ನು ಬಿಟ್ಟಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಅವನ ಅಂಗಡಿಯ ಬೆಂಚಿನ ಮೇಲೆ ಕೂತು ಒಂದು ಚಹಾ ಕುಡಿಯದಿದ್ದರೆ ನನಗೆ ದಿನ ಮುಗಿದಂತೆ ಅನ್ನಿಸುವುದಿಲ್ಲ.

ಇಂಥ ಮೌಲಾಲಿಯ ಬಳಿ ಹಿಂದೊಮ್ಮೆ ಒಂದು ಬಕೆಟ್ಟು ಕೊಂಡಿದ್ದೆ. ಎಷ್ಟು ಎಂದು ಕೇಳಿದರೆ, "ನೀವೇ ತಿಳದು ಕೊಡ್ರಿ, ಮಾಸ್ತರ" ಎಂದ. ನಮ್ಮ ಕಡೆಯ ಅಂಗಡಿಕಾರರು ಬೇಕಾದವರಿಗೆ ಬೆಲೆ ಹೇಳುವುದಿಲ್ಲ. ಹೇಳಿದರೆ ಸಂಬಂಧಕ್ಕೆ ಅವಮಾನ. ನಾನು ತಿಳಿದು ಕೊಟ್ಟೆ. ಅವನು ಅದರಲ್ಲಿ ಒಂದಿಷ್ಟು ತಿರುಗಿ ಕೊಟ್ಟ. ನಾನು ಬೇಡವೆಂದು ಅವನ ಜೇಬಿಗೆ ತುರುಕಿದೆ. ಅವನು ಕೈ ಹಿಡಿದ, ನಾನು ಕೊಸರಿಕೊಂಡೆ, ಎದುರಿನ ಹೋಟೆಲಿನವನು ಜಗಳವೇನೋ ಎಂದು ಓಡಿ ಬಂದ. ಕೊನೆಗೆ ಬಕೆಟ್ಟು ಹಿಡಿದು ಓಡಿ ಮನೆ ಸೇರಿದ ಮೇಲೆ ವಿಚಾರ ಮಾಡಿದರೆ, ಜಗತ್ತಿನಲ್ಲಿ ಬೆಲೆ ಹೆಚ್ಚಿಸಲು ಚೌಕಾಸಿ ಮಾಡಿದ ಗಿರಾಕಿ ಬಹುಶಃ ನಾನೊಬ್ಬನೇ.

ಒಂದು ಬಕೆಟ್ಟಿಗೇ ಈ ಪಾಡಾದರೆ ಇಡೀ ಮನೆಯ ನಳಗಳಿಗೆ ಏನು ಗತಿ? ಈ ಪ್ರಶ್ನೆ ನನ್ನನ್ನು ಕಾಡಿದ್ದು ನಾವು ಮನೆ ಕಟ್ಟಿಸಿದಾಗ. ಮೌಲಾಲಿಯ ಅಪ್ಪನ ಕಾಲದಲ್ಲಿ ಆ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಬಾವಿಯ ಹಗ್ಗ, ರಾಟೆ ಮತ್ತು ತಗಡಿನ ಕೊಡ. ಆಮೇಲೆ ಕಾಲುವೆ ಬಂತು. ಕಾಲುವೆಗೆ ನೀರು ಬಿಟ್ಟಾಗಲೆಲ್ಲ ಸುತ್ತಲಿನ ಬೋರುಗಳಲ್ಲೂ ನೀರು ಏರತೊಡಗಿತು. ಜೋಳ ಬೆಳೆಯುತ್ತಿದ್ದವರು ಭತ್ತ ಬೆಳೆದರು, ಭತ್ತ ಬೆಳೆದವರು ಮನೆ ಕಟ್ಟಿದರು, ಮನೆ ಕಟ್ಟಿದವರು ಕೋಣೆಗೊಂದು ನಳ ಹಚ್ಚಿಸಿದರು. ನನಗೆ ಹೊಲವಿಲ್ಲ, ಆದರೂ ನಳದ ಹುಚ್ಚು ಓಣಿಯ ಎಲ್ಲರಂತೆ ನಮ್ಮ ಮನೆಗೂ ಬಂತು. ನನ್ನ ಹೆಂಡತಿ ಶರಣಮ್ಮ ಮದುವೆಯಾದಾಗಿನಿಂದ ಬೀದಿಯ ನಳದಿಂದ ಕೊಡ ಹೊತ್ತವಳು. ಅವಳು ಕೇಳಿದ್ದು ಒಂದೇ. "ಅಡಗಿ ಮನ್ಯಾಗ ಅತ್ತಾಗೊಮ್ಮಿ ಇತ್ತಾಗೊಮ್ಮಿ ತಿರುಗೋ ಉದ್ದ ಕುತ್ತಿಗಿ ನಳ ಬೇಕು ನನಗ. ಮತ್ತೇನೂ ಕೇಳಂಗಿಲ್ಲ." ಅವಳು ಮತ್ತೇನನ್ನೂ ಕೇಳದೆ ಇರುವ ಸಾಧ್ಯತೆ ನನಗೆ ಬಹಳ ಹಿಡಿಸಿತು.

ಶರಣಮ್ಮನ ತಮ್ಮ ವೆಂಕಟಪ್ಪ ಇರುವುದು ರಾಜ್ಯದ ಗಡಿಯಾಚೆ, ನಾರಾಯಣಪೇಟೆಯಲ್ಲಿ. "ಇಲ್ಲಿಗಿ ಬಂದ್ಬಿಡ್ರಿ ಬಾವಾ, ಎಲ್ಲಾ ಹೈದರಾಬಾದ್ ಮಾಲು" ಎಂದು ಫೋನಿನಲ್ಲಿ ಹೇಳಿದ. ಹೈದರಾಬಾದ್ ಮಾಲು ಎಂಬ ಮಾತಿಗೆ ನಮ್ಮಲ್ಲಿ ಇಂದಿಗೂ ಒಂದು ತೂಕವಿದೆ. ನಮ್ಮ ಮುತ್ಯಾ, ಎಂದರೆ ಅಜ್ಜ, ಒಂದು ಕನ್ನಡಕದ ಚೌಕಟ್ಟು ಮುರಿದರೂ ಹೈದರಾಬಾದಿಗೇ ಹೋಗುತ್ತಿದ್ದನಂತೆ. ಅವನ ಕಾಲಕ್ಕೆ ನಡುವೆ ಗಡಿಯೇ ಇರಲಿಲ್ಲ, ಎಲ್ಲವೂ ನಿಜಾಮನದು. ನಾನು ಹುಡುಗರಿಗೆ ನಕಾಶೆಯಲ್ಲಿ ಗಡಿ ತೋರಿಸುತ್ತೇನೆ, ಬಣ್ಣ ತುಂಬಿಸುತ್ತೇನೆ. ಆದರೆ ಒಳ್ಳೆಯ ಮಾಲು ಬೇಕೆಂದಾಗ ನನ್ನ ಕಾಲು ಮುತ್ಯಾನ ಕಾಲಿನಂತೆಯೇ ಮೂಡಣಕ್ಕೆ ತಿರುಗುತ್ತದೆ. ಅಲ್ಲದೆ ನಾರಾಯಣಪೇಟೆಯ ಅಂಗಡಿಯಲ್ಲಿ ನನ್ನನ್ನು ಯಾರೂ ಬಲ್ಲವರಿಲ್ಲ. ಮನಸಾರೆ ಚೌಕಾಸಿ ಮಾಡಬಹುದು.

ಮೌಲಾಲಿಗೆ ಏನು ಹೇಳುವುದು? ಹೆಂಡತಿಯ ತವರಿನವರ ಮನೆಯಲ್ಲಿ ತೊಟ್ಟಿಲ ಕಾರ್ಯವಿದೆ, ಹೋಗಿ ಬರುತ್ತೇನೆ ಎಂದುಬಿಟ್ಟೆ. ವೆಂಕಟಪ್ಪನ ಮಕ್ಕಳು ಆಗಲೇ ಕಾಲೇಜಿಗೆ ಹೋಗುತ್ತಿದ್ದರು. ಮೌಲಾಲಿ ಹಿಗ್ಗಿದ. ಒಳಗೆ ಹೋಗಿ ಗುಲಾಬಿ ಬಣ್ಣದ ಒಂದು ಪ್ಲಾಸ್ಟಿಕ್ ಟಬ್ಬು ತಂದು, ಧೂಳು ಒರೆಸಿ ನನ್ನ ಕೈಗಿಟ್ಟ. "ಕೂಸಿಗಿ ಎರಿಯಾಕ ಚಲೋ ಆಗ್ತದ. ನಾ ಕೊಟ್ಟೀನಿ ಅಂತ ಹೇಳ್ರಿ." ಬೆಲೆ ಕೇಳುವ ಹಾಗಿರಲಿಲ್ಲ. ಹೀಗೆ ನಾನು ಇಲ್ಲದ ಕೂಸಿನ ಟಬ್ಬು ಹಿಡಿದು ಯಾದಗಿರಿಯ ಬಸ್ಸು ಹತ್ತಿ, ಅಲ್ಲಿಂದ ಗುರುಮಠಕಲ್ ಮೇಲೆ ಹಾಯ್ದು ಗಡಿ ದಾಟಿದೆ.

ನಾರಾಯಣಪೇಟೆಯ ಅಂಗಡಿಯಲ್ಲಿ ನಾನು ಅಂದುಕೊಂಡಂತೆಯೇ ಶುರು ಮಾಡಿದೆ. ನಳಗಳನ್ನು ತಿರುವಿದೆ, ಕುಟ್ಟಿದೆ, ಮೂಗು ಮುರಿದೆ. ಅಂಗಡಿಯವನು ಬೆಲೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಹೊರಗೆ ಗಾಡಿ ನಿಲ್ಲಿಸಿ ಬಂದ ವೆಂಕಟಪ್ಪ ನನ್ನ ಭುಜದ ಮೇಲೆ ಕೈಯಿಟ್ಟು, ಇವರು ನಮ್ಮ ಬಾವ, ಶಹಾಪುರದ ಮಾಸ್ತರು ಎಂದು ಪರಿಚಯ ಮಾಡಿಸಿದ. ಅಂಗಡಿಯವನು ಎದ್ದು ನಿಂತ. ಕುರ್ಚಿ ಬಂತು, ಚಹಾ ಬಂತು. ಬೆಲೆ ಕೇಳಿದರೆ ಅವನು ಕೈಮುಗಿದು, "ಮೀರೇ ಚೂಸಿ ಇಯ್ಯುಂಡ್ರಿ ಸಾರ್" ಎಂದ. ನನಗೆ ತೆಲುಗು ಅಷ್ಟಕ್ಕಷ್ಟೆ. ಆದರೆ ಈ ಮಾತಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೀವೇ ತಿಳಿದು ಕೊಡಿ. ತಿಳಿದು ಕೊಟ್ಟೆ, ನನ್ನ ಸ್ವಭಾವಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚಾಗಿಯೇ.

ಕೊಂಡ ಸಾಮಾನಿನಲ್ಲಿ ಒಂದು ಕಮೋಡೂ ಇತ್ತು. ಅದು ಒಡೆದೀತೆಂದು ವೆಂಕಟಪ್ಪನ ಹೆಂಡತಿ ಅದರ ಮೇಲೆ ಟಬ್ಬನ್ನು ಬೋರಲು ಹಾಕಿ, ಹಳೆಯ ಕೌದಿ ಸುತ್ತಿ ಹಗ್ಗ ಬಿಗಿದಳು. ತಿರುಗಿ ಬರುವ ಬಸ್ಸಿನಲ್ಲಿ ನಳಗಳ ಚೀಲ ನನ್ನ ಕಾಲ ಬಳಿ, ಕೌದಿ ಹೊದ್ದ ಕಮೋಡು ಕಿಟಕಿಯ ಪಕ್ಕದ ಸೀಟಿನಲ್ಲಿ. ದಾರಿಯಲ್ಲಿನ ಕೊಂಕಲ್ ಹಳ್ಳಿಗೆ ಹೋಗುವ ಒಬ್ಬ ಮುದುಕಿ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಬಹಳ ಹೊತ್ತು ಅದನ್ನೇ ನೋಡಿ, "ಮುತ್ಯಾಗ ಆರಾಮಿಲ್ಲೇನ್ರಿ?" ಎಂದು ಕೇಳಿದಳು. ನೋಡಿದರೆ ಹೌದು, ತಲೆ ಬಾಗಿಸಿ ಮುದುಡಿ ಕೂತ ಮುದುಕನಂತೆಯೇ ಕಾಣುತ್ತಿತ್ತು. ತುಂಬಿದ ಬಸ್ಸಿನಲ್ಲಿ ಅದು ಏನೆಂದು ಹೇಳುವ ಧೈರ್ಯ ಬರಲಿಲ್ಲ. "ಹೌದ್ರಿ" ಎಂದೆ. ಅವಳು ತನ್ನ ನೀರಿನ ಬಾಟ್ಲಿಯನ್ನು ಮುಂದೆ ಚಾಚಿ, "ಜರಾ ನೀರರ ಕುಡಸ್ರಿ ಅವರಿಗಿ. ಬಾಯಿ ಒಣಗಿರ್ತದ" ಎಂದಳು. ಮಲಗ್ಯಾನ, ಎಬ್ಬಿಸಬಾರದು ಎಂದು ಹೇಳಿ ಕೌದಿಯನ್ನು ಸರಿಪಡಿಸಿದೆ. ನಮ್ಮ ಮುತ್ಯಾ ಹೈದರಾಬಾದ್ ಮಾಲಿನೊಂದಿಗೆ ಮತ್ತೊಮ್ಮೆ ಊರಿಗೆ ಬಂದ ಬಗೆ ಇದು.

ಶಹಾಪುರದಲ್ಲಿ ಇಳಿದು ಆಟೋ ಹಿಡಿದು, ಮೌಲಾಲಿ ನಮಾಜಿಗೆ ಹೋಗುವ ಹೊತ್ತು ನೋಡಿ ಓಣಿ ಹೊಕ್ಕೆ. ನಮ್ಮೂರಿನ ಗುಡ್ಡದ ಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ; ಆ ಬುದ್ಧನೊಬ್ಬನೇ ನನ್ನತ್ತ ನೋಡುತ್ತಿರಲಿಲ್ಲ, ಉಳಿದವರೆಲ್ಲ ನೋಡಿದರು. ನನ್ನ ಲೆಕ್ಕ ತಪ್ಪಿ ಮೌಲಾಲಿ ಅಂಗಡಿಯಲ್ಲೇ ಇದ್ದ. ಆಟೋ ಹಿಂದೆಯೇ ನಡೆದು ಬಂದು, ಕೌದಿಯ ಗಂಟಿನ ಒಂದು ತುದಿ ಹಿಡಿದ. "ಹಗೂರ ಇಳಸ್ರಿ, ಅಂಚು ಒಡಿತದ" ಎಂದ. ಇಳಿಸುವಾಗ ಹಗ್ಗ ಸಡಿಲಾಗಿ ಕೌದಿ ಜಾರಿತು. ಗುಲಾಬಿ ಟಬ್ಬು ಉರುಳಿ ಅವನ ಕಾಲ ಬಳಿಯೇ ಹೋಗಿ ನಿಂತಿತು. ಮೌಲಾಲಿ ಕಮೋಡನ್ನು ನೋಡಿದ, ಟಬ್ಬನ್ನು ನೋಡಿದ. "ಕೂಸು ಆರಾಮ ಅದ ಏನ್ರಿ, ಮಾಸ್ತರ?" ಎಂದು ಕೇಳಿದ. ನಾನು ಆರಾಮ ಅದ ಎಂದೆ. ಅವನು ಟಬ್ಬನ್ನು ಎತ್ತಿ, ಒರೆಸಿ, ಕಂಕುಳಲ್ಲಿ ಇಟ್ಟುಕೊಂಡು ತಿರುಗಿ ಹೋದ.

ಅಂದಿನಿಂದ ನನ್ನ ಸಂಜೆಗಳು ಕೆಟ್ಟುಹೋದವು. ಅವನು ಕರೆಯಲಿಲ್ಲ, ನಾನು ಹೋಗಲಿಲ್ಲ. ಶಾಲೆಯಿಂದ ಬರುವಾಗ ಅವನ ಅಂಗಡಿಯನ್ನು ತಪ್ಪಿಸಲು ಹಿಂದಿನ ಓಣಿಯಿಂದ ಸುತ್ತು ಹಾಕಿ ಬರುತ್ತಿದ್ದೆ. ಆ ಓಣಿಯ ನಾಯಿಗಳಿಗೂ ನನ್ನ ಅಪರಾಧ ಗೊತ್ತಾದಂತಿತ್ತು. ಮನೆಯಲ್ಲಿ ಕುಡಿದ ಚಹಾಕ್ಕೆ ರುಚಿ ಇರಲಿಲ್ಲ. ಹೀಗೆಂದು ಶರಣಮ್ಮನಿಗೆ ಹೇಳಿದ್ದರಿಂದ ಆ ಚಹಾವೂ ಕೆಲವು ದಿನ ಸಿಗಲಿಲ್ಲ. ನಿಜ ಹೇಳುತ್ತೇನೆ, ಈ ವಯಸ್ಸಿನಲ್ಲಿ ಹೊಸ ಮನೆ ಕಟ್ಟಿಸಬಹುದು, ಹೊಸ ಗೆಳೆಯನನ್ನು ಎಲ್ಲಿಂದ ತರುವುದು?

ಗೃಹಪ್ರವೇಶ ಹತ್ತಿರ ಬಂತು. ನಳ ಹಚ್ಚುವವನು ಬಂದು, ಶರಣಮ್ಮನ ಉದ್ದ ಕುತ್ತಿಗೆಯ ನಳವನ್ನು ಗೋಡೆಗೆ ಹಿಡಿದು ನೋಡಿ ಕೈಚೆಲ್ಲಿದ. ನಮ್ಮದು ಕಲ್ಲಿನ ಗೋಡೆ. ಪೈಪು ಒಳಗೆ ಆಳದಲ್ಲಿ ಉಳಿದಿತ್ತು, ಮೇಲೆ ಗಿಲಾವು, ಅದರ ಮೇಲೆ ಟೈಲ್ಸು. ನಳದ ತಿರುಪು ಪೈಪಿನ ಬಾಯಿಯನ್ನು ಮುಟ್ಟುತ್ತಲೇ ಇರಲಿಲ್ಲ. ನಡುವೆ ಕೂಡಿಸಲು ಹಿತ್ತಾಳೆಯ ಸಣ್ಣದೊಂದು ತುಂಡು ಬೇಕು ಎಂದ. ಎಲ್ಲಿ ಸಿಗುತ್ತದೆ ಎಂದು ಕೇಳಿದೆ. "ಮೌಲಾಲಿ ಅಂಗಡ್ಯಾಗ" ಎಂದ. ಬೇರೆ ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡುತ್ತ ನಿಂತ.

ನಾನು ಸುರಪುರಕ್ಕೆ ಹೋದೆ. ಬೆರಳುದ್ದದ ಹಿತ್ತಾಳೆಗಾಗಿ ಬಸ್ಸು ಹತ್ತಿದ್ದನ್ನು ಮನೆಯಲ್ಲಿ ಹೇಳಲಿಲ್ಲ. ಅಲ್ಲಿಯ ಅಂಗಡಿಯವನು, "ಶಹಾಪುರದಿಂದ ಬಂದೀರೇನ್ರಿ? ನಿಮ್ಮ ಊರಾಗ ಮೌಲಾಲಿ ಭಾಯ್ ಹತ್ರ ಬೇಕಾದಷ್ಟು ಅವ. ತಡೀರಿ, ಕೇಳ್ತೀನಿ" ಎಂದು ಫೋನು ಹಚ್ಚಿಯೇಬಿಟ್ಟ. "ಭಾಯ್, ನಿಮ್ಮ ಊರ ಮಾಸ್ತರ ಒಬ್ಬರು ಬಂದಾರ. ಬೆಳ್ಳಗ ಅದಾರ, ಚಷ್ಮಾ ಅದ." ಆಮೇಲೆ ಫೋನು ಇಟ್ಟು ನನಗೆ ಹೇಳಿದ: "ತೆಗೆದಿಟ್ಟಿರ್ತಾರಂತ. ಹೋಗ್ರಿ."

ಮೌಲಾಲಿ ಗಲ್ಲೆಯ ಹಿಂದೆ ಕೂತಿದ್ದ. ಹಿತ್ತಾಳೆಯ ತುಂಡು ಮೇಜಿನ ಮೇಲಿತ್ತು. ಚಹಾ ಬರಲಿಲ್ಲ, ಬೆಂಚಿನ ಮೇಲೆ ಕೂಡಲು ಹೇಳಲೂ ಇಲ್ಲ. ಎಷ್ಟು ಎಂದು ಕೇಳಿದೆ. ಮೌಲಾಲಿ ಬೆಲೆ ಹೇಳಿದ.

ಅಷ್ಟು ವರ್ಷಗಳಲ್ಲಿ ಅವನ ಬಾಯಿಂದ ನನಗೆ ಬೆಲೆ ಬಂದದ್ದು ಅದೇ ಮೊದಲು. ರೂಪಾಯಿ, ಮೇಲೆ ಚಿಲ್ಲರೆ, ಸ್ಪಷ್ಟವಾಗಿ. ಯಾವ ಮಾತನ್ನು ಕೇಳಬೇಕೆಂದು ಗಡಿ ದಾಟಿ ಹೋಗಿದ್ದೆನೋ ಅದು ನಮ್ಮ ಓಣಿಯ ತಿರುವಿನಲ್ಲೇ ಸಿಕ್ಕಿತ್ತು. 'ನೀವೇ ತಿಳದು ಕೊಡ್ರಿ' ಎಂಬುದನ್ನು ನಾನು ಇಷ್ಟು ದಿನ ಪೀಡೆ ಎಂದುಕೊಂಡಿದ್ದೆ. ಅದು ನಿಂತುಹೋದ ಮೇಲೆ ಅಂಗಡಿಯಲ್ಲಿ ನಾನು ಯಾರೂ ಅಲ್ಲ ಎಂದು ತಿಳಿಯಿತು. "ಇದೇನೋ ಮೌಲಾಲಿ, ನನಗ ರೇಟು ಹೇಳ್ತಿಯೇನು?" ಎಂದೆ. ಅವನು ಮೇಜು ಒರೆಸುತ್ತ, "ಹೊರಗಿನ ಗಿರಾಕಿಗಿ ಇದೇ ರೇಟ್ ರಿ" ಎಂದ.

ಆಗ ನನಗೆ ಏನಾಯಿತೋ ತಿಳಿಯದು. ಜೀವನಪೂರ್ತಿ ಕಲಿತದ್ದನ್ನೆಲ್ಲ ಒಮ್ಮೆಗೇ ಹೊರತೆಗೆದೆ. "ಇಷ್ಟು ಸಣ್ಣ ತುಂಡಿಗಿ ಇಷ್ಟೇನು? ಹಾಡಹಗಲಿ ಲೂಟಿ ಮಾಡ್ತಿಯೇನು? ಅರ್ಧಕ್ಕ ಕೊಡು" ಎಂದೆ. "ಆಗಂಗಿಲ್ರಿ" ಎಂದ. ನಾನು ಚಪ್ಪಲಿ ಮೆಟ್ಟಿ ಹೊರಟೆ. ಮೆಟ್ಟಿಲು ಇಳಿದೆ, ಕರೆಯಲಿಲ್ಲ. ರಸ್ತೆಗೆ ಬಂದೆ, ಕರೆಯಲಿಲ್ಲ. ಎದುರಿನ ಹೋಟೆಲಿನವನು ನೋಡುತ್ತಿದ್ದ. ಕೊನೆಗೆ ನಾನೇ ತಿರುಗಿ ನಿಂತು, "ಮೌಲಾಲಿ, ಗಿರಾಕಿ ಹೊಂಟಾನ. ಕರೀಬೇಕಪ್ಪಾ" ಎಂದೆ.

ಮೌಲಾಲಿಯ ಮುಖ ಸಡಿಲಾಯಿತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ, ನಕ್ಕುಬಿಟ್ಟ. "ವ್ಯಾಪಾರ ಬರಂಗಿಲ್ಲ ನಿಮಗ, ಮಾಸ್ತರ. ತಿರುಗಿ ನೋಡಬಾರದ್ರಿ" ಎಂದು ಬೆಂಚಿನ ಮೇಲಿನ ಧೂಳು ಜಾಡಿಸಿದ. ಕೂತೆ. ಅವನೇ ಹೇಳಿದ: "ನಾರಾಯಣಪೇಟಿಗಿ ಹೋಗಿದ್ದಕ್ಕ ಏನೂ ಇಲ್ರಿ. ಮಾಲು ಎಲ್ಲ್ಯರ ತಗೋಬಹುದು. ಕೂಸು ಅಂತ ಹೇಳಿದ್ರಲ್ಲ. ನಮ್ಮ ಮನ್ಯಾಕಿ ದಿನಾ ಕೇಳ್ತಾಳ, ಆ ಕೂಸಿಗಿ ಹೆಸರು ಏನಿಟ್ಟಾರ ಅಂತ. ಏನ್ ಹೇಳ್ಲಿ ಅಕಿಗಿ?"

ತಪ್ಪಾಯ್ತು ಎಂದೆ, ಬಾಯಿ ಬಿಟ್ಟೇ ಹೇಳಿದೆ. ಅಷ್ಟರಲ್ಲಿ ಚಹಾ ಬಂತು. ಕುಡಿದು ಎದ್ದು, ಹಿತ್ತಾಳೆಯ ತುಂಡನ್ನು ಕೈಗೆ ತೆಗೆದುಕೊಂಡು ಕೊನೆಗೆ ಎಷ್ಟು ಕೊಡಲಿ ಎಂದು ಕೇಳಿದೆ. ಅವನು ಬೇರೆ ಗಿರಾಕಿಯ ಕಡೆ ತಿರುಗುತ್ತಲೇ ನನಗೆ, "ನೀವೇ ತಿಳದು ಕೊಡ್ರಿ" ಎಂದ. ಕೊಟ್ಟೆ. ಮನೆಗೆ ಬಂದು ನೋಡಿದರೆ, ಅವನು ಹೊರಗಿನ ಗಿರಾಕಿಗೆಂದು ಹೇಳಿದ್ದ ಬೆಲೆಗಿಂತ ಹೆಚ್ಚೇ ಕೊಟ್ಟಿದ್ದೆ.

ಗೃಹಪ್ರವೇಶಕ್ಕೆ ಮೌಲಾಲಿ ಹೆಂಡತಿಯನ್ನು ಕರೆದುಕೊಂಡು ಬಂದ, ಕೈಯಲ್ಲಿ ಅದೇ ಗುಲಾಬಿ ಟಬ್ಬು. ಶರಣಮ್ಮ ಹೆಮ್ಮೆಯಿಂದ ಉದ್ದ ಕುತ್ತಿಗೆಯ ನಳವನ್ನು ಅತ್ತಿಂದಿತ್ತ ತಿರುಗಿಸಿ ತೋರಿಸಿದಳು. ಅವನು ಮೆಚ್ಚಿಕೊಂಡು, ಟಬ್ಬನ್ನು ಅದರ ಕೆಳಗೆ ಇಟ್ಟು, "ಇದು ಇಲ್ಲೇ ಇರ್ಲಿ ತಂಗಿ, ಬೇಕಾಗ್ತದ" ಎಂದ. ಬೇಕಾಯಿತು. ಹೈದರಾಬಾದ್ ಮಾಲು ತಿಂಗಳೊಳಗೆ ತೊಟ್ಟಿಕ್ಕಲು ಶುರುವಾಯಿತು. ಈಗ ನಮ್ಮ ಮನೆಯಲ್ಲಿ ಸೋರದೆ ಇರುವ ವಸ್ತು ಆ ಟಬ್ಬೊಂದೇ. ಅದರ ಬೆಲೆ ಎಷ್ಟೆಂದು ಕೇಳುವ ಧೈರ್ಯ ಮಾತ್ರ ನನಗೆ ಇನ್ನೂ ಬಂದಿಲ್ಲ.