ಹಸು ಬಚ್ಚಿಟ್ಟ ದಿನ

ಹಳೇಕೋಟೆಯ ದೇವರಾಜುವಿನ ಸಂಸಾರ ನಡೆಯುತ್ತಿದ್ದದ್ದು ಒಂದೇ ಒಂದು ಹಸುವಿನ ಮೇಲೆ. ಹಾಗಾಗಿ, ಕಾಲುಬಾಯಿ ಜ್ವರದ ಲಸಿಕೆ ಹಾಕಲು ಇವತ್ತು ದನದ ಡಾಕ್ಟರು ಬರುತ್ತಾರೆಂದು ಡೇರಿಯಲ್ಲಿ ಹೇಳಿದಾಗ ಅವನು ಮೊದಲು ನೋಡಿದ್ದು ಪಕ್ಕದ ಮನೆ ಪುಟ್ಟಸ್ವಾಮಿಯ ಮುಖವನ್ನು. ಪುಟ್ಟಸ್ವಾಮಿಗೆ ತನ್ನದೆಂಬ ಒಂದು ಮೇಕೆಯೂ ಇಲ್ಲ. ಊರಿನ ದನಗಳ ವಿಷಯದಲ್ಲಿ ಮಾತ್ರ ಕೊನೆಯ ಮಾತು ಅವನದೇ.

"ಕರೆಯೋ ಹಸೀಗೆ ಸೂಜಿ ಚುಚ್ಚುಸ್ತೀಯೇನ್ಲಾ? ಹಾಲು ಇಳ್ದೋಯ್ತದೆ ಕಣ್ಲಾ," ಎಂದ ಅವನು.

ಅಷ್ಟು ಸಾಕಾಯಿತು. ಹೋದ ವರ್ಷ ಸೂಜಿ ಹಾಕಿಸಿದ ಯಾರದೋ ಹಸು ಎರಡು ದಿನ ಹಾಲು ಕಮ್ಮಿ ಕೊಟ್ಟಿತ್ತಂತೆ. ಆಮೇಲೆ ಏನಾಯಿತೆಂದು ಯಾರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಹಸುವನ್ನು ಹರದನಹಳ್ಳಿಯ ಅಕ್ಕನ ಮನೆಗೆ ದಾಟಿಸಿಬಿಡೋಣವೆಂದು ಹಗ್ಗ ಹಿಡಿದು ಹೊರಟ. ಡಾಕ್ಟರ ಜೀಪು ಎದುರಾದೀತೆಂದು ರಸ್ತೆ ಬಿಟ್ಟು ಕಾಲುದಾರಿ ಹಿಡಿದ.

ಕದ್ದು ಹೊರಟವನಿಗೆ ದಾರಿಯುದ್ದಕ್ಕೂ ಗುರುತಿನವರೇ. ಎಲ್ಲಿಗೆ ಎಂದು ಕೇಳಿದ ಒಬ್ಬನಿಗೆ ಬಾಯಿ ತಪ್ಪಿ ಮಾರಲು ಎಂದ. ಆತ ಹಸುವಿನ ಕೆಚ್ಚಲು ಮುಟ್ಟಿ, ಹಲ್ಲು ನೋಡಿ, ಚೌಕಾಸಿಗೇ ನಿಂತ. ಅಷ್ಟರಲ್ಲಿ ಹಸು ಹಗ್ಗ ಕಿತ್ತುಕೊಂಡು ಹುರುಳಿ ಹೊಲಕ್ಕೆ ನುಗ್ಗಿತು. ಹೊಲದ ಯಜಮಾನಿ ಬೈದ ಬೈಗುಳದಲ್ಲಿ ದೇವರಾಜುವಿನ ತಾತ ಮುತ್ತಾತಂದಿರೂ ಬಂದು ಹೋದರು. ಪಾಪ, ಬಿಸಿಲಿನಲ್ಲಿ ಹಸುವಿಗಿಂತ ಹೆಚ್ಚಾಗಿ ಅವನೇ ಏದುಸಿರು ಬಿಡುತ್ತಿದ್ದ.

ಅಕ್ಕನ ಕೊಟ್ಟಿಗೆ ಖಾಲಿಯಿತ್ತು. ಒಳ್ಳೆಯದೇ ಆಯಿತೆಂದು ಹಸು ಕಟ್ಟಿ, ಕಲ್ಲುಬಾನಿಯಲ್ಲಿದ್ದ ನೀರು ಕುಡಿಸಿ, ಮಿಕ್ಕಿದ್ದ ಹುಲ್ಲನ್ನೂ ಮುಂದಕ್ಕೆ ಎಳೆದ. ಸದ್ದು ಕೇಳಿ ಅಕ್ಕ ಹೊರಬಂದಳು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿದ್ದವು.

"ಆ ಬಾನೀಲಿ ಯಾಕ್ಲಾ ಕುಡ್ಸಿದೆ? ನೆನ್ನೆ ಅಲ್ಲೇ ಕಣ್ಲಾ, ಬಾಯೆಲ್ಲ ಹುಣ್ಣಾಗಿ ಜೊಲ್ಲು ಸುರಿಸ್ಕಂಡು ನಮ್ಮ ಹಸ ಸತ್ತೋಯ್ತು. ಉಳಿದಿದ್ದೊಂದಾದ್ರೂ ಬದುಕ್ಲಿ, ನಿಮ್ಮ ಕೊಟ್ಟಿಗೇಲಿ ಕಟ್ತೀನಿ ಅಂತ ನಿಮ್ ಭಾವ ಬೆಳಿಗ್ಗೇನೇ ರಸ್ತೇಲಿ ಹೊಡ್ಕಂಡೋದ್ರು."

ದೇವರಾಜು ಹಸುವನ್ನು ಬಾನಿಯಿಂದ ದೂರ ಎಳೆದು ಕಟ್ಟಿದ. ಹೆಂಡತಿಗೆ ಫೋನು ಮಾಡಿದ. ಡಾಕ್ಟರ ಕಾಲು ಹಿಡಿದಾದರೂ ನಿಲ್ಲಿಸಿಕೊಳ್ಳೆಂದು ಹೇಳುವವನಿದ್ದ. ಅವಳು ಬಾಯಿ ತೆರೆಯಲು ಬಿಟ್ಟರೆ ತಾನೆ. ಡಾಕ್ಟರು ಬಂದು ಹೋಗಿಯೂ ಆಯಿತಂತೆ. ಕೊಟ್ಟಿಗೆಯಲ್ಲಿ ಹಸು ಕಂಡು ಹಟ ಹಿಡಿದರಂತೆ, ಭಾವನೂ ಬೇಡ ಅನ್ನಲಿಲ್ಲವಂತೆ.

"ಅವ್ರತ್ರ ಉಳ್ದಿದ್ದೇ ಒಂದು ಸೂಜಿ ಕಣ್ರೀ," ಎಂದಳು ಅವಳು, ಗೆದ್ದವಳ ದನಿಯಲ್ಲಿ. "ಅದುನ್ನೂ ಭಾವಾರ ಹಸೀಗೆ ಹಾಕ್ಸ್‌ಬುಟ್ಟೆ. ನಮ್ಮದು ಬಚಾವಾಯ್ತು."